ಸ್ವಂತ ದೂರದರ್ಶಕವಿಲ್ಲದ ವಿಭಾಗಕ್ಕೆ ಆಸ್ಟ್ರೋಸ್ಯಾಟ್ ಅನುದಾನ: ನಾವು ಮಾಡಿದ ಬಗೆ

ಇಸ್ರೋದ ಖಗೋಳ ವೀಕ್ಷಣಾ ಉಪಗ್ರಹವಾದ ಆಸ್ಟ್ರೋಸ್ಯಾಟ್ ವಿಷಯದಲ್ಲಿ ವೀಕ್ಷಣಾ ಸಮಯಕ್ಕೆ ಒಂದು ಬಾಗಿಲು, ಹಣಕ್ಕೆ ಇನ್ನೊಂದು. ಇದು ಮನದಟ್ಟಾಗಲು ನಮಗೆ ಎರಡು ವರ್ಷ ಹಿಡಿಯಿತು. ಅಮೆರಿಕದ ವಿಶ್ವವಿದ್ಯಾಲಯದವರಿಗೆ ಹಬಲ್ ಅಥವಾ ಚಂದ್ರಾ ದೂರದರ್ಶಕದ ಸಮಯ ಸಿಕ್ಕರೆ ವಿಶ್ಲೇಷಣೆಯ ಹಣವೂ ಅದರ ಬೆನ್ನಿಗೇ ಬರುತ್ತದೆ. ನಮ್ಮಲ್ಲಿ ಪ್ರಸ್ತಾವ ಒಪ್ಪಿಗೆಯಾದರೆ ದತ್ತಾಂಶ ಬರುತ್ತದೆ, ಸಂಶೋಧನಾ ಫೆಲೋ ಸಂಬಳ ಬರುವುದಿಲ್ಲ. ಅದಕ್ಕೆ ಇಸ್ರೋದ ಆರ್ಕೈವ್ (ಹಳೆಯ ವೀಕ್ಷಣೆಗಳ ಸಂಗ್ರಹ) ದತ್ತಾಂಶ ಬಳಕೆ ಯೋಜನೆಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಎರಡನ್ನೂ ಒಂದೇ ಪ್ರಸ್ತಾವದಲ್ಲಿ ತುಂಬಲು ಹೋಗಿ ಮೊದಲ ಸಲ ಕೈಸುಟ್ಟುಕೊಂಡೆವು. ಪರಿಶೀಲನೆಯಲ್ಲಿ ಬಂದ ಪ್ರಶ್ನೆ ಒಂದೇ: ಹೊಸ ವೀಕ್ಷಣೆ ಸಿಗದಿದ್ದರೆ ಈ ಹಣದಿಂದ ಏನು ಮಾಡುತ್ತೀರಿ? ನಮ್ಮಲ್ಲಿ ಉತ್ತರ ಇರಲಿಲ್ಲ.

ಎರಡನೇ ಸಲ ಹೊಸ ವೀಕ್ಷಣೆ ಎಂಬ ಮಾತನ್ನೇ ಕೈಬಿಟ್ಟೆವು. 2018ರ ಸೆಪ್ಟೆಂಬರ್‌ನಲ್ಲಿ ಆರ್ಕೈವ್ ಎಲ್ಲರಿಗೂ ತೆರೆದಿತ್ತು. ಆಸ್ಟ್ರೋಸ್ಯಾಟ್‌ನ ಉಪಕರಣಗಳಲ್ಲಿ ಆಕಾಶವನ್ನು ಸುತ್ತಿ ನೋಡುವ ಎಸ್‌ಎಸ್‌ಎಂ ಒಂದನ್ನು ಬಿಟ್ಟರೆ ಉಳಿದ ನಾಲ್ಕೂ ಒಂದೇ ದಿಕ್ಕಿಗೆ ನೋಡುತ್ತವೆ. ಯಾರೋ ಎಕ್ಸ್-ಕಿರಣದ ಜೋಡಿ ನಕ್ಷತ್ರಕ್ಕಾಗಿ ಸಮಯ ಪಡೆದಿದ್ದರೂ ಎಷ್ಟೋ ಸಲ ಅತಿನೇರಳೆ ದೂರದರ್ಶಕವಾದ ಯುವಿಐಟಿ ಕೂಡ ತೆರೆದಿರುತ್ತದೆ. 28 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಅಗಲದ ಚಿತ್ರದಲ್ಲಿ ಅವರಿಗೆ ಬೇಕಾದದ್ದು ನಡುವಿನ ಒಂದು ಚುಕ್ಕೆ. ಸುತ್ತಲಿನ ನೂರಾರು ಅತಿನೇರಳೆ ನಕ್ಷತ್ರಗಳನ್ನು ಯಾರೂ ಅಳೆದಿರುವುದಿಲ್ಲ. ನಾವು ಹಿಡಿದದ್ದು ಅವನ್ನು. "ಬೇರೆಯವರ ಉಳಿಕೆ ದತ್ತಾಂಶಕ್ಕೆ ಯಾರು ದುಡ್ಡು ಕೊಡುತ್ತಾರೆ" ಎಂದು ವಿಭಾಗದಲ್ಲೇ ಕೇಳಿದವರಿದ್ದರು. ಹೊರಗಿನ ಇಬ್ಬರು ಹಿರಿಯರೂ ಇದು ಆಗುವ ಮಾತಲ್ಲ ಎಂದರು. ಆಯಿತು. ಮೂರು ವರ್ಷಕ್ಕೆ ಸುಮಾರು 20 ಲಕ್ಷ ಬಂತು, ಒಂದು ಪಿಎಚ್‌ಡಿ ಮತ್ತು ಮೂರು ಲೇಖನ ಹೊರಬಂದವು. ಒಂದು ಲೇಖನದ ವಿಮರ್ಶಕರು ನಮ್ಮ ಚಿತ್ರದ ತೀಕ್ಷ್ಣತೆ ನೋಡಿ ವಿಧಾನದ ವಿವರ ಹೆಚ್ಚು ಬರೆಯಲು ಕೇಳಿದರು.

ಪ್ರಸ್ತಾವಕ್ಕೆ ಬಲ ಕೊಟ್ಟದ್ದು ಅರ್ಜಿಗೆ ಮುಂಚೆಯೇ ಮುಗಿಸಿದ ಆಕಾಶದ ಒಂದು ಕ್ಷೇತ್ರ. ವಿಭಾಗದ ಹಳೆಯ 16 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಒಂದು ಗುರಿಯ ಲೆವೆಲ್-1 (ಇನ್ನೂ ಚಿತ್ರವಾಗದ ಕಚ್ಚಾ) ದತ್ತಾಂಶ ಇಳಿಸಿ, ಚಿತ್ರ ಕಟ್ಟಿ, ನಕ್ಷತ್ರಗಳ ಪಟ್ಟಿ ಮಾಡಿ, ಗಾಯಾ ಉಪಗ್ರಹದ ನಕ್ಷತ್ರಪಟ್ಟಿ ಡಿಆರ್2 ಜೊತೆ ಹೊಂದಿಸಿ ಒಂದು ಪುಟದ ಚಿತ್ರ ಹಾಕಿದೆವು. ಅದರ ಕೆಳಗೆ: ಒಂದು ಕ್ಷೇತ್ರಕ್ಕೆ ಇಷ್ಟು ಜಿಬಿ, ಇಷ್ಟು ದಿನ, ಒಬ್ಬ ಫೆಲೋ ವರ್ಷಕ್ಕೆ ಇಷ್ಟು ಕ್ಷೇತ್ರ ಮಾಡಬಲ್ಲರು. ಬಜೆಟ್ ಆ ಸಾಲಿನಿಂದ ಹುಟ್ಟಿತು. ಮೌಖಿಕ ಮಂಡನೆಯಲ್ಲಿ ಹದಿನೈದು ನಿಮಿಷದಲ್ಲಿ ಹತ್ತು ಆ ಪುಟದ ಮೇಲೇ ಕಳೆದವು.

ಹಣದ ಹಂಚಿಕೆ ಹೀಗಿತ್ತು. ಆಗ ಜೆಆರ್‌ಎಫ್ (ಕಿರಿಯ ಫೆಲೋ) ತಿಂಗಳಿಗೆ 31,000, ಎಸ್‌ಆರ್‌ಎಫ್ (ಹಿರಿಯ ಫೆಲೋ) 35,000. ನಮ್ಮದು ವೈ ದರ್ಜೆಯ ಊರು, ಮನೆಬಾಡಿಗೆ ಭತ್ಯೆ ಶೇ. 16. ಎರಡು ವರ್ಷ ತಿಂಗಳಿಗೆ 35,960, ಮೂರನೇ ವರ್ಷ 40,600, ಒಟ್ಟು 13.5 ಲಕ್ಷ. ಕಂಪ್ಯೂಟರ್ ಮತ್ತು ಸಂಗ್ರಹಕ್ಕೆ ನಾಲ್ಕೂವರೆ ಲಕ್ಷದ ಆಸುಪಾಸು. ಪ್ರಯಾಣ, ಸಾದಿಲ್ವಾರು, ವಿಶ್ವವಿದ್ಯಾಲಯದ ಓವರ್‌ಹೆಡ್ ಉಳಿದದ್ದರಲ್ಲಿ. ಪ್ರಯಾಣಕ್ಕೆ ಕಡಿಮೆ ಇಟ್ಟದ್ದು ಬೇಕೆಂದೇ: ಪುಣೆಯ ಖಗೋಳವಿಜ್ಞಾನ ಕೇಂದ್ರವಾದ ಐಯುಕಾದ ವಿಸಿಟಿಂಗ್ ಅಸೋಸಿಯೇಟ್ ಆಗಿದ್ದರೆ ಪುಣೆಯ ಓಡಾಟ ಆ ಕಡೆಯಿಂದ ಆಗುತ್ತದೆ, ಆಸ್ಟ್ರೋಸ್ಯಾಟ್ ನೆರವು ಕೋಶವೂ ಅಲ್ಲೇ ಇದೆ. ಹೊಸಕೋಟೆಯ ಐಐಎ (ಭಾರತೀಯ ಖಭೌತವಿಜ್ಞಾನ ಸಂಸ್ಥೆ) ಆವರಣಕ್ಕೆ, ಯುವಿಐಟಿ ಜೋಡಣೆಯಾದ ಜಾಗಕ್ಕೆ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗಿಬರುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ನಮ್ಮಂತಹ ವಿಭಾಗಗಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಮಾಡುತ್ತವೆ: ಹತ್ತು ಲಕ್ಷದ ಸರ್ವರ್ ಕೇಳಿ, ಅದನ್ನು ನಡೆಸುವವರಿಗೆ ದುಡ್ಡಿಲ್ಲದೆ ಕೂರುತ್ತವೆ. ಯುವಿಐಟಿ ಕೆಲಸಕ್ಕೆ ಕ್ಲಸ್ಟರ್ ಬೇಡ. ಎಂಟು ಕೋರ್, 64 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಅದರ ಹಿಂದೆ 4 ಟಿಬಿಯ ನಾಲ್ಕು ಡಿಸ್ಕ್, 2 ಕೆವಿಎ ಯುಪಿಎಸ್ ಸಾಕು. ಯುಪಿಎಸ್ ಇಲ್ಲದ ಮೊದಲ ತಿಂಗಳಲ್ಲಿ ಕರೆಂಟು ಹೋಗಿ ಉಪಗ್ರಹದ ಒಂಬತ್ತು ಕಕ್ಷೆಗಳ ದತ್ತಾಂಶದ ಕೆಲಸ ಎರಡು ಸಲ ಹಾಳಾಯಿತು.

ಖರೀದಿಯಲ್ಲಿ ಮಾಡಿದ ತಪ್ಪು ದುಬಾರಿಯಾಯಿತು. ಆಗಿನ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) ನಿಯಮ 154ರಲ್ಲಿ 25,000ದ ತನಕ ಕೊಟೇಶನ್ ಇಲ್ಲದೆ ಕೊಳ್ಳಬಹುದಿತ್ತು, 155ರಲ್ಲಿ ಮೂವರ ಸಮಿತಿಯ ಮೂಲಕ ಎರಡೂವರೆ ಲಕ್ಷದ ತನಕ. ನಾವು ರ‍್ಯಾಮ್, ಡಿಸ್ಕ್, ಯುಪಿಎಸ್ ಎಲ್ಲವನ್ನೂ ಒಂದೇ ತಿಂಗಳಲ್ಲಿ 22,000, 24,000ದ ಬಿಲ್ಲುಗಳಾಗಿ ತಂದೆವು. ಆಡಿಟ್‌ನಲ್ಲಿ ನಿಯಮ 157 ತೋರಿಸಿದರು: ಒಂದೇ ಬೇಡಿಕೆಯನ್ನು ತುಂಡು ಮಾಡಿ ಕೊಳ್ಳುವಂತಿಲ್ಲ. ಆಕ್ಷೇಪಣೆ ತೀರುವವರೆಗೆ ಲೆಕ್ಕಪತ್ರಕ್ಕೆ ಸಹಿ ಇಲ್ಲ, ಸಹಿಯಿಲ್ಲದೆ ಯುಸಿ (ಹಣಬಳಕೆ ಪ್ರಮಾಣಪತ್ರ) ಇಲ್ಲ, ಯುಸಿ ಇಲ್ಲದೆ ಎರಡನೇ ವರ್ಷದ ಕಂತು ಇಲ್ಲ. ಫೆಲೋಗೆ ಐದು ತಿಂಗಳು ಸಂಬಳ ನಿಂತಿತು. ಆಮೇಲೆ ಪೂರ್ತಿ ವ್ಯವಸ್ಥೆಯನ್ನು ಒಂದೇ ಬೇಡಿಕೆಯಾಗಿ ಬರೆದು, ಸರ್ಕಾರಿ ಖರೀದಿ ತಾಣ ಜೆಮ್‌ನಲ್ಲಿ ಹುಡುಕಿ, ಸಿಗದ ವಸ್ತುವಿಗೆ ಸಿಗಲಿಲ್ಲವೆಂಬ ಪತ್ರ ತೆಗೆದಿಟ್ಟುಕೊಂಡು ಕೊಂಡೆವು. ಕಾಗದ ಹೆಚ್ಚು, ಆದರೆ ಆಕ್ಷೇಪಣೆ ಬರಲಿಲ್ಲ.

ತೆರಿಗೆಯಲ್ಲೂ ಪೆಟ್ಟು ಬಿತ್ತು. ಡಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ಪ್ರಮಾಣಪತ್ರವಿದ್ದರೆ ಸಂಶೋಧನಾ ಉಪಕರಣಕ್ಕೆ, ಕಂಪ್ಯೂಟರ್ ಸಹಿತ, ಜಿಎಸ್‌ಟಿ ಶೇ. 5 ಇತ್ತು. ಎರಡನೇ ಸಂಗ್ರಹ ಘಟಕವನ್ನು ಮೂರನೇ ವರ್ಷಕ್ಕೆ ಮುಂದೂಡಿದ್ದೆವು. 2022ರ ಜುಲೈ 18ರಿಂದ ಆ ರಿಯಾಯಿತಿ ಹೋಗಿ ಶೇ. 18 ಆಯಿತು. ಎರಡು ಲಕ್ಷದ ವಸ್ತುವಿಗೆ 26,000 ಹೆಚ್ಚು. ಸಾದಿಲ್ವಾರಿನಿಂದ ತುಂಬೋಣವೆಂದರೆ ಅದು ಬೇರೆ ಶೀರ್ಷಿಕೆ, ಮುಂಗಡ ಅನುಮತಿಯಿಲ್ಲದೆ ಬಂಡವಾಳ ಶೀರ್ಷಿಕೆಗೆ ಹಾಕುವಂತಿಲ್ಲ. ನಾಲ್ಕು ಡಿಸ್ಕ್ ಬದಲು ಮೂರಕ್ಕೆ ಇಳಿಸಿದೆವು. ಉಪಕರಣವನ್ನು ಮೊದಲ ವರ್ಷವೇ ಕೊಂಡು ಮುಗಿಸಿ, ವಾರಂಟಿ ಮೂರು ವರ್ಷಕ್ಕೆ ಹಾಕಿಸಿ.

ಫೆಲೋ ನೇಮಕಕ್ಕೆ ಒಂದು ಮಾತು. ನೆಟ್ ಫೆಲೋಶಿಪ್ ಇದ್ದವರು ಯೋಜನೆಯ ಹುದ್ದೆಗೆ ಬಂದರೂ ನಿಲ್ಲುವುದಿಲ್ಲ. ನಮ್ಮ ಮೊದಲ ಅಭ್ಯರ್ಥಿ ನಾಲ್ಕೇ ತಿಂಗಳಲ್ಲಿ ಹೋದರು. ಎರಡನೇ ಸಲ ಜಾಹೀರಾತಿನ ದಿನಾಂಕವನ್ನು ವಿಶ್ವವಿದ್ಯಾಲಯದ ಪಿಎಚ್‌ಡಿ ಪ್ರವೇಶ ಪರೀಕ್ಷೆಗೆ ಹೊಂದಿಸಿದೆವು. ಸೇರಿದ ಎರಡು ತಿಂಗಳಲ್ಲಿ ನೋಂದಣಿಯೂ ಆಯಿತು, ಅವರು ಕೊನೆತನಕ ಉಳಿದರು. ನಡುವೆ ಮನೆಬಾಡಿಗೆ ಭತ್ಯೆ ಶೇ. 18ಕ್ಕೆ ಏರಿದಾಗ ಬಂದ ವ್ಯತ್ಯಾಸ ಹನ್ನೆರಡು ಸಾವಿರ ಚಿಲ್ಲರೆ. ಅದನ್ನು ಸಂಬಳದ ಉಳಿತಾಯದಿಂದಲೇ ಕೊಟ್ಟೆವು.

ಇನ್ನು ದತ್ತಾಂಶ. ಬ್ಯಾಲಾಳುವಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರ ಐಎಸ್‌ಎಸ್‌ಡಿಸಿಯಿಂದ ಒಂದು ಗುರಿಗೆ ಹತ್ತರಿಂದ ಇಪ್ಪತ್ತು ಜಿಬಿ ಇಳಿಯುತ್ತದೆ. ರಾತ್ರಿ ಹಚ್ಚಿ ಬಿಡುವುದು ಒಳ್ಳೆಯದು. ನಾವು ಸಿದ್ಧ ಲೆವೆಲ್-2 ಚಿತ್ರಗಳನ್ನು ಆಯ್ಕೆಗೆ ಮಾತ್ರ ಬಳಸಿದೆವು, ಅಳತೆಗೆ ಲೆವೆಲ್-1ರಿಂದಲೇ ಹೊರಟೆವು. ತಂತ್ರಾಂಶ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಬರೆದ ಸಿಸಿಡಿಲ್ಯಾಬ್. ಅದು ಉಚಿತ, ವಿಂಡೋಸ್‌ನಲ್ಲಿ ನಡೆಯುತ್ತದೆ. ಕಕ್ಷೆವಾರು ಕಡತಗಳಲ್ಲಿ ಒಂದೇ ಫ್ರೇಮುಗಳು ಎರಡು ಕಡೆ ಬಂದಿರುತ್ತವೆ. ಮೊದಲು ಅವನ್ನು ತೆಗೆಯದಿದ್ದರೆ ಒಡ್ಡಿಕೆಯ (ಎಕ್ಸ್‌ಪೋಷರ್) ಸಮಯ ಸುಳ್ಳಾಗುತ್ತದೆ. ನಮ್ಮ ಮೊದಲ ಕ್ಷೇತ್ರದಲ್ಲಿ ಅದೇ ಆಗಿ ಎಲ್ಲ ನಕ್ಷತ್ರಗಳೂ ಮಂಕಾಗಿ ಕಂಡವು, ವಾರಗಟ್ಟಲೆ ಫಿಲ್ಟರ್ ಮೇಲೆ ಅನುಮಾನಪಟ್ಟೆವು.

ಉಪಗ್ರಹ ಸದಾ ಅಲುಗುತ್ತಿರುತ್ತದೆ. ಯುವಿಐಟಿಯ ದೃಗ್ಗೋಚರ ಬೆಳಕಿನ ವಾಹಿನಿಯಲ್ಲಿ ಕಾಣುವ ನಕ್ಷತ್ರಗಳನ್ನು ಹಿಂಬಾಲಿಸಿ ಆ ಅಲುಗಾಟವನ್ನು ಕಳೆಯಬೇಕು. ಹಿಂಬಾಲಿಸಲು ಒಂದೇ ಪ್ರಕಾಶಮಾನ ನಕ್ಷತ್ರ ಹಿಡಿದರೆ ಚಿತ್ರ ತಿರುಗಿದ್ದು ಗೊತ್ತಾಗುವುದಿಲ್ಲ, ಅಂಚಿನ ನಕ್ಷತ್ರಗಳು ಬಾಳೆಹಣ್ಣಿನ ಹಾಗೆ ಬಾಗುತ್ತವೆ. ದೂರದೂರದ ಮೂರನ್ನಾದರೂ ಹಿಡಿಯಿರಿ. ಆಮೇಲೆ ಫಾರ್ ಯುವಿ (ಹೆಚ್ಚು ಕಿರಿದಾದ ತರಂಗಾಂತರದ ಅತಿನೇರಳೆ) ಚಿತ್ರದಲ್ಲೇ ಇರುವ ನಕ್ಷತ್ರಗಳಿಂದ ಎರಡನೇ ಸುತ್ತಿನ ತಿದ್ದುಪಡಿ. ಅದರಲ್ಲಿ ಎಷ್ಟು ಸೆಕೆಂಡಿನ ತುಂಡು ತೆಗೆದುಕೊಳ್ಳುತ್ತೇವೆ, ಯಾವ ನಕ್ಷತ್ರ ಬಿಡುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರ ಮೇಲೆ ಇನ್ನೂ ಒಂದು ಲೇಖನ ಬಾಕಿ ಇದೆ. ಫಲಿತಾಂಶ ಮಾತ್ರ ಹೇಳಬಹುದು: 1.6ರ ಸುತ್ತ ಇದ್ದ ನಕ್ಷತ್ರದ ಚುಕ್ಕೆಯ ಅಗಲ 1.3 ಆರ್ಕ್‌ಸೆಕೆಂಡಿಗೆ ಇಳಿಯಿತು. ನಾಸಾದ ಹಳೆಯ ಅತಿನೇರಳೆ ದೂರದರ್ಶಕ ಗೆಲೆಕ್ಸ್‌ನಲ್ಲಿ ಇದು 5ರ ಹತ್ತಿರ. ಅಲ್ಲಿ ಒಂದೇ ಚುಕ್ಕೆಯಾಗಿ ಕಾಣುವ ಎರಡು, ಮೂರು ನಕ್ಷತ್ರಗಳು ನಮ್ಮ ಚಿತ್ರದಲ್ಲಿ ಬೇರೆ ಬೇರೆ.

ಅಳತೆಯಲ್ಲಿ ಎಡವುವ ಜಾಗ ಮೂರು. ಎಫ್148ಡಬ್ಲ್ಯೂ ಎಂಬ ಫಾರ್ ಯುವಿ ಫಿಲ್ಟರಿನ ಶೂನ್ಯಾಂಕ (ಎಣಿಕೆಯನ್ನು ಹೊಳಪಿಗೆ ಬದಲಿಸುವ ಅಂಕೆ) 2017ರಲ್ಲಿ 18.016 ಇತ್ತು, 2020ರಲ್ಲಿ 18.097 ಆಯಿತು. ಹಳೆಯದನ್ನೇ ಬಳಸಿದರೆ ಹೊಳಪಿನಲ್ಲಿ ಶೇ. 8ರಷ್ಟು ತಪ್ಪು, ಜೋಡಿ ನಕ್ಷತ್ರದ ಬಿಸಿ ಸಂಗಾತಿಯ ಗಾತ್ರ ಅಷ್ಟಕ್ಕೆ ತಕ್ಕಂತೆ ಕೆಡುತ್ತದೆ. ನಮ್ಮ ಮೊದಲ ಪಟ್ಟಿಯನ್ನು ಪೂರ್ತಿ ಮತ್ತೆ ಮಾಡಬೇಕಾಯಿತು. ಎರಡನೆಯದು, ಸೆಕೆಂಡಿಗೆ ಸುಮಾರು 29 ಫ್ರೇಮು ಓದುವ ಈ ಪತ್ತೆಕಾರಕದಲ್ಲಿ ಒಂದೇ ಫ್ರೇಮಿನಲ್ಲಿ ಒಂದೇ ಕಡೆ ಎರಡು ಫೋಟಾನ್ ಬಿದ್ದರೆ ಒಂದೆಂದು ಎಣಿಕೆಯಾಗುತ್ತದೆ. ಪ್ರಕಾಶಮಾನ ನಕ್ಷತ್ರಗಳಿಗೆ ತಿದ್ದುಪಡಿ ಕಡ್ಡಾಯ. ಫ್ರೇಮಿಗೆ 0.6 ಎಣಿಕೆ ದಾಟಿದವನ್ನು ನಾವು ಪಟ್ಟಿಯಿಂದಲೇ ತೆಗೆದೆವು. ಮೂರನೆಯದು, ಕಕ್ಷೆಗಳನ್ನು ಕೂಡಿಸಿದಾಗ ಅಂಚಿನಲ್ಲಿ ಒಡ್ಡಿಕೆ ಕಡಿಮೆ ಇರುತ್ತದೆ. ಒಡ್ಡಿಕೆ ನಕ್ಷೆಯಿಂದ ಭಾಗಿಸಿದರೂ ನಡುವಿನಿಂದ 12 ಆರ್ಕ್‌ಮಿನಿಟ್ ಆಚೆಗಿನದನ್ನು ನಾವು ನಂಬಲಿಲ್ಲ.

ಇನ್ನೊಂದು ಕೊರತೆಯನ್ನು ಪ್ರಸ್ತಾವದಲ್ಲೇ ಒಪ್ಪಿಕೊಂಡಿರಬೇಕು. ಯುವಿಐಟಿಯ ನಿಯರ್ ಯುವಿ (ದೃಗ್ಗೋಚರ ಬೆಳಕಿಗೆ ಹತ್ತಿರದ ಅತಿನೇರಳೆ) ವಾಹಿನಿ 2018ರಲ್ಲಿ ನಿಂತಿತು. ಅದರ ನಂತರದ ಕ್ಷೇತ್ರಗಳಿಗೆ ಬಣ್ಣದ ವ್ಯತ್ಯಾಸ ಬೇಕೆಂದರೆ ಸ್ವಿಫ್ಟ್ ಉಪಗ್ರಹದ ಯುವಿಒಟಿ ದೂರದರ್ಶಕ ಅಥವಾ ಗೆಲೆಕ್ಸ್ ಕಡೆ ಹೋಗಬೇಕು. ಎರಡು ಫಾರ್ ಯುವಿ ಫಿಲ್ಟರುಗಳ ವ್ಯತ್ಯಾಸದಿಂದ ತಾಪಮಾನ ತೆಗೆಯಲು ಮೂರು ತಿಂಗಳು ಒದ್ದಾಡಿದೆವು; ಅಂತರ ತೀರಾ ಕಿರಿದು, ಅಳತೆಯ ದೋಷದ ಮಿತಿಯೊಳಗೇ ಮುಳುಗಿಹೋಯಿತು.

ಆದರೆ ಆ ಮೂರು ತಿಂಗಳಲ್ಲೇ ಒಂದು ಉಪಪ್ರಯೋಗ ಹುಟ್ಟಿತು. ಅದೇ ಎರಡು ಫಿಲ್ಟರುಗಳಲ್ಲಿ ಹಿನ್ನೆಲೆ ಬೆಳಕನ್ನು ಕಕ್ಷೆಯುದ್ದಕ್ಕೂ ಎಣಿಸಿದಾಗ ಎಫ್148ಡಬ್ಲ್ಯೂನಲ್ಲಿ ಅದು ಉಪಗ್ರಹದ ರಾತ್ರಿಯ ಮೊದಲಲ್ಲೂ ಕೊನೆಯಲ್ಲೂ ಏರುತ್ತಿತ್ತು, ಎಫ್154ಡಬ್ಲ್ಯೂನಲ್ಲಿ ಅಷ್ಟಿಲ್ಲ. ಕಾರಣ ಮೇಲ್ವಾತಾವರಣದ ಆಮ್ಲಜನಕದ 130.4 ನ್ಯಾನೋಮೀಟರ್ ರೇಖೆ: ಮೊದಲ ಫಿಲ್ಟರಿನ ಕ್ಯಾಲ್ಸಿಯಂ ಫ್ಲೋರೈಡ್ ಅದನ್ನು ಒಳಬಿಡುತ್ತದೆ, ಎರಡನೆಯದರ ಬೇರಿಯಂ ಫ್ಲೋರೈಡ್ ತಡೆಯುತ್ತದೆ. ಒಬ್ಬ ಎಂಎಸ್ಸಿ ವಿದ್ಯಾರ್ಥಿಯ ಪ್ರಾಜೆಕ್ಟಾಗಿ ನಡೆದ ಈ ಕೆಲಸಕ್ಕೆ ಅನುದಾನದಿಂದ ಒಂದು ರೂಪಾಯಿಯೂ ಹೋಗಲಿಲ್ಲ, ಆದರೆ ಮಂಕು ನಕ್ಷತ್ರಗಳಿಗಾಗಿ ಯಾವ ಫ್ರೇಮುಗಳನ್ನು ಬಿಡಬೇಕು ಎಂಬುದು ಅದರಿಂದಲೇ ತಿಳಿಯಿತು. ಆಸ್ಟ್ರೋಸ್ಯಾಟ್‌ನ ಎಕ್ಸ್-ಕಿರಣ ಉಪಕರಣ ಎಲ್‌ಎಎಕ್ಸ್‌ಪಿಸಿ ಕಡೆಗೂ ಕೈಹಾಕಿದ್ದೆವು. 2018ರ ನಂತರದ ದತ್ತಾಂಶದಲ್ಲಿ ನಂಬಬಹುದಾದದ್ದು ಎಲ್‌ಎಎಕ್ಸ್‌ಪಿಸಿ-20 ಒಂದೇ. ನಮ್ಮ ಮಂಕು ಗುರಿಗಳು ಹಿನ್ನೆಲೆಯಿಂದ ಮೇಲೇಳಲೇ ಇಲ್ಲ. ಎರಡು ತಿಂಗಳಾದ ಮೇಲೆ ಕೈಬಿಟ್ಟೆವು.

ಕ್ಷೇತ್ರಗಳ ಆಯ್ಕೆ ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಗ್ಯಾಲಕ್ಟಿಕ್ ಅಕ್ಷಾಂಶ, ಧೂಳಿನ ಪ್ರಮಾಣ, ಒಡ್ಡಿಕೆಯ ಸಮಯ ಈ ಮೂರನ್ನು ಯಾರಾದರೂ ನೋಡುತ್ತಾರೆ. ಕೇಳಿದ್ದು ಹತ್ತು ಸಾವಿರ ಸೆಕೆಂಡ್ ಇದ್ದರೆ ಕೈಗೆ ಬರುವುದು ಆರೇಳು ಸಾವಿರ ಎಂದು ಹಿಡಿಯಿರಿ. ದಕ್ಷಿಣ ಅಟ್ಲಾಂಟಿಕ್ ವಿಕಿರಣ ವಲಯ, ಉಪಗ್ರಹದ ಹಗಲು, ಕಳೆದುಹೋದ ಫ್ರೇಮುಗಳು ಉಳಿದದ್ದನ್ನು ತಿನ್ನುತ್ತವೆ. ನಾಲ್ಕನೇ ಮಾನದಂಡ ನಮ್ಮದು, ಅದನ್ನು ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಲೆಕ್ಕ ಮುಚ್ಚುವಾಗಿನ ಕೆಲಸ. ಪ್ರತಿ ವರ್ಷ ಮಾರ್ಚ್ 31ರ ಲೆಕ್ಕಕ್ಕೆ ಚಾರ್ಟರ್ಡ್ ಅಕೌಂಟೆಂಟರ ಬಳಿ ಏಪ್ರಿಲ್ ಮೊದಲ ವಾರದಲ್ಲೇ ಹೋಗಿ. ಮೇ ತಿಂಗಳಲ್ಲಿ ಅವರಿಗೆ ಪುರುಸೊತ್ತಿರುವುದಿಲ್ಲ. 12-ಎ ನಮೂನೆಯ ಯುಸಿ ಮತ್ತು ಖರ್ಚಿನ ಪಟ್ಟಿಯಲ್ಲಿ ಒಂದು ರೂಪಾಯಿ ವ್ಯತ್ಯಾಸವಿದ್ದರೂ ಕಡತ ವಾಪಸು ಬರುತ್ತದೆ; ನಮ್ಮದು ಪೈಸೆಗಳನ್ನು ಬೇರೆ ಬೇರೆ ಕಡೆ ಪೂರ್ಣಾಂಕ ಮಾಡಿದ್ದರಿಂದ 2 ರೂಪಾಯಿಗೆ ವಾಪಸು ಬಂತು. ಯೋಜನೆಗೆ ಪ್ರತ್ಯೇಕ ಖಾತೆ ಬೇಕೇ ಬೇಕು. ಮೊದಲ ವರ್ಷ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಯಲ್ಲಿ ಹಣ ಬಿದ್ದಿದ್ದರಿಂದ ಅದರ ಮೇಲಿನ ಬಡ್ಡಿ ಎಷ್ಟೆಂದು ಬೇರ್ಪಡಿಸಲು ಹಣಕಾಸು ವಿಭಾಗಕ್ಕೆ ಏಳು ಸಲ ಅಲೆದಾಯಿತು. ಆ ಬಡ್ಡಿ ನಮ್ಮದಲ್ಲ, ಭಾರತಕೋಶದ ಮೂಲಕ ಕೇಂದ್ರದ ಸಂಚಿತ ನಿಧಿಗೆ ಕಟ್ಟಬೇಕು. ಮೂರೂ ವರ್ಷದ್ದು ಸೇರಿ ನಲವತ್ತು ಸಾವಿರದ ಸುತ್ತಮುತ್ತ ಕಟ್ಟಿದೆವು. ರಸೀದಿಯ ಎರಡು ಪ್ರತಿಗಳಲ್ಲಿ ಒಂದು ಅಂತಿಮ ಯುಸಿ ಜೊತೆ ಹೋಯಿತು, ಇನ್ನೊಂದು ಮುಂದಿನ ಪ್ರಸ್ತಾವದ ಕಡತದಲ್ಲಿದೆ, ಹೊಸ ಹದಿನೆಂಟು ಕ್ಷೇತ್ರಗಳ ಪಟ್ಟಿಯ ಕೆಳಗೆ.