ಸೆಕೆಂಡ್ ಮುಳ್ಳು ನಿಂತಿದೆ ಅಂತ ಬಿಸಾಕ್ಬೇಡಿ: ಹಳೇ ಸೀಕೋ ರೇಸಿಂಗ್ ವಾಚ್ ಚೆಕ್ ಮಾಡೋದು ಹೇಗೆ?

ತುಮಕೂರಲ್ಲಿ ವಾಚ್ ಬಗ್ಗೆ ಮಾತಾಡೋಕೆ ಸ್ವಲ್ಪ ಭಯಾನೇ, ಎಚ್‌ಎಂಟಿ ಫ್ಯಾಕ್ಟರಿ ಇದ್ದ ಊರು, ಅಲ್ಲಿ ಕೆಲಸ ಮಾಡ್ದೋರು ಬೀದಿಗೊಬ್ರು ಸಿಗ್ತಾರೆ. ನಮ್ಮನೇಲಿ ದೊಡ್ಡಪ್ಪ. ನಾನು ಹಳೇ ಸೀಕೋ 6139 ತಂದು ತೋರ್ಸಿದ್ರೆ ಕಿವಿ ಹತ್ರಾನೂ ಇಟ್ಕೊಳ್ದೆ "ಸೆಕೆಂಡ್ ಮುಳ್ಳೇ ಓಡ್ತಿಲ್ವಲ್ಲೋ, ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ ನಿಂಗೆ" ಅಂದ್ರು.

ಮಜಾ ಇರೋದೇ ಅಲ್ಲಿ. ಮಧ್ಯದ ಆ ಉದ್ದ ಮುಳ್ಳು ಸ್ಟಾಪ್‌ವಾಚಿಂದು, ಬಟನ್ ಒತ್ತೋವರ್ಗೂ 12ರ ಮೇಲೆ ಸುಮ್ನೆ ನಿಂತಿರತ್ತೆ, ಬೇರೆ ಸೆಕೆಂಡ್ ಮುಳ್ಳು ಇದಕ್ಕಿಲ್ಲ. 1969ರಲ್ಲಿ ಬಂದ, ಕೈ ಅಲ್ಲಾಡಿದ್ರೆ ತಾನೇ ಕೀ ಆಗೋ, ಸ್ಟಾಪ್‌ವಾಚೂ ಇರೋ ಮೊದಮೊದಲ ಆಟೋಮ್ಯಾಟಿಕ್ ಕ್ರೋನೋಗ್ರಾಫ್‌ಗಳಲ್ಲಿ ಇದೂ ಒಂದು, 1973ರಲ್ಲಿ ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋಗುವಾಗ ಹಳದಿ ಡಯಲ್ಲಿಂದು ತಗೊಂಡು ಹೋಗಿದ್ರು. ಆದ್ರೂ ಸ್ವಿಸ್ ರೇಸಿಂಗ್ ವಾಚ್ ಹ್ಯೂಯರ್ ಕ್ಯಾರೆರಾಗೆ ಬಾಯಿ ಬಿಡೋರು ಇದನ್ನ ತಿರುಗಿ ನೋಡಲ್ಲ.

ಮೊದ್ಲು ಅಲ್ಲಾಡ್ಸಿ. ಇದಕ್ಕೆ ಕೀ ಕೊಡೋಕಾಗಲ್ಲ, ಅರ್ಧ ನಿಮಿಷ ಆಕಡೆ ಈಕಡೆ ತೂಗಿ ಕಿವಿಗಿಟ್ಕೊಳಿ.

ಆಮೇಲೆ ಮೇಲಿನ ಬಟನ್ ಒತ್ತಿ. ಮುಳ್ಳು ಹೊರಡ್ಬೇಕು, 6ರ ಹತ್ರ ಇರೋ ಸಣ್ಣ ಡಯಲ್ ನಿಮಿಷ ಎಣಿಸ್ಬೇಕು, ಟೀ ಕುಡೀತಾ ಪೂರ್ತಿ 30 ನಿಮಿಷ ಬಿಟ್ಟುನೋಡಿ ಯಾಕಂದ್ರೆ ಎರಡು ನಿಮಿಷ ಓಡಿ ಮಧ್ಯದಲ್ಲಿ ಕೈಕೊಡೋವೂ ಇರ್ತಾವೆ. ಮತ್ತೆ ಮೇಲಿಂದೇ ಒತ್ತಿ ನಿಲ್ಸಿ, ಆಮೇಲಷ್ಟೇ ಕೆಳಗಿನ ಬಟನ್. ಓಡ್ತಿರುವಾಗ ಕೆಳಗಿನದು ಮುಟ್ಲೇಬೇಡಿ. ಮುಳ್ಳು ಸರಿಯಾಗಿ 12ಕ್ಕೆ ಬಂದು ಕೂರ್ಬೇಕು, ಒಂದು ಗೆರೆ ಆಚೆ ನಿಂತ್ರೂ ಸರ್ವಿಸ್ ಖರ್ಚು ರೇಟಲ್ಲಿ ಕಳೀರಿ.

ಎರಡು ಬಟನ್ ಮಧ್ಯೆ ಇರೋ, ಟೈಮ್ ಸೆಟ್ ಮಾಡೋ ತಿರುಪು ಅರ್ಧ ಒತ್ತಿದ್ರೆ ತಾರೀಕು, ಪೂರ್ತಿ ಒತ್ತಿದ್ರೆ ವಾರ ಬದಲಾಗತ್ತೆ.

ಈಗ ಹಿಂದಿನ ಮುಚ್ಚಳ. ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷ, ಎರಡನೇದು ತಿಂಗಳು, 34 ಅಂತ ಶುರುವಾದ್ರೆ 1973ರ ಏಪ್ರಿಲ್. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ ಮಾತ್ರ ಅಂಕಿ ಬದ್ಲು ಇಂಗ್ಲಿಷಿನ ಓ, ಎನ್, ಡಿ.

ಡಯಲ್ ಮಾತ್ರ ಲೆನ್ಸ್ ಇಟ್ಟೇ ನೋಡಿ. ಹಳೇದನ್ನ ಕೆರೆದು ಹೊಸ ಬಣ್ಣ ಹೊಡೆದಿರೋವು ಬೇಜಾನ್ ಓಡಾಡ್ತಾವೆ, ಅಕ್ಷರ ದಪ್ಪ, ಅಂಚು ಕದಡಿರತ್ತೆ. ನನ್ನ ಮೊದಲ್ನೇದು ಅಂಥದ್ದೇ, ಫಳಫಳ ಅಂತಿತ್ತು, ಮೋಸ ಹೋದೆ.

ಕೊನೇದು ರೇಸಿಂಗ್ ಆಟ. ಹೈವೇಲಿ ಒಂದು ಕಿಲೋಮೀಟರ್ ಕಲ್ಲು ಬಂದಾಗ ಒತ್ತಿ, ಮುಂದಿನ ಕಲ್ಲಿಗೆ ನಿಲ್ಸಿ, ಮುಳ್ಳಿನ ಎದುರಿಗೆ ಅಂಚಲ್ಲಿರೋ ಅಂಕಿನೇ ಗಂಟೆಗೆ ನಿಮ್ಮ ಸ್ಪೀಡ್. ಲೆಕ್ಕ ಇಷ್ಟೇ, 3600ನ್ನ ಸೆಕೆಂಡಿಂದ ಭಾಗಿಸೋದು, 45 ಸೆಕೆಂಡ್ ಆದ್ರೆ 80. ಡ್ರೈವ್ ಮಾಡೋರು ಮಾಡ್ಬೇಡಿ, ಪಕ್ಕದಲ್ಲಿ ಕೂತೋರ ಕೆಲಸ ಇದು. ಕ್ಯಾತ್ಸಂದ್ರ ದಾಟಿದ್ಮೇಲೆ ದೊಡ್ಡಪ್ಪನ ಕೈಗೇ ಕೊಟ್ಟೆ. ಕಾರಿನ ಮೀಟರ್ 85 ತೋರಿಸ್ತಿತ್ತು, ವಾಚು 80. ಎರಡು ಸಲ ಅಳೆದು ನೋಡಿ "ಮೀಟರ್ ಜಾಸ್ತಿ ತೋರಿಸ್ತಿದೆ ಕಣೋ ನಿನ್ ಕಾರಿಂದು" ಅಂದ್ರು.