ದಾವಣಗೆರೆಗೆ ಹೊಸದಾಗಿ ಬಂದವರಿಗೆ: ಕೆಲಸ, ದುಡ್ಡು, ಪುಟ್ಟ ಮಕ್ಕಳು

ವರ್ಗವಾಗಿಯೋ ಹೊಸ ಕೆಲಸ ಸಿಕ್ಕಿಯೋ ದಾವಣಗೆರೆಗೆ ಬಂದವರು ನಮ್ಮ ಕನ್ನಡ ಸಂಘದಲ್ಲಿ ಮೊದಲು ಕೇಳುವುದು ಬಾಡಿಗೆ ಎಷ್ಟು, ಒಳ್ಳೆ ಶಾಲೆ ಯಾವುದು ಅಂತ. ಸ್ವಲ್ಪ ದಿನ ಕಳೆದ ಮೇಲೆ ಪ್ರಶ್ನೆ ಬದಲಾಗುತ್ತದೆ. ಇಬ್ಬರೂ ದುಡೀತೀವಿ, ಮಗು ಜೊತೆ ಕೂರೋಕೆ ಹೊತ್ತೇ ಸಿಗ್ತಿಲ್ಲ, ಏನು ಮಾಡೋದು? ಈ ಎರಡನೇ ಪ್ರಶ್ನೆಯನ್ನು ಮನೆ ಹುಡುಕುವಾಗಲೇ ಕೇಳಿಕೊಳ್ಳಿ ಎನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮನೆ ಎಲ್ಲಿ ಮಾಡುವುದು

ಬೆಂಗಳೂರಿನಂಥ ಊರಿಂದ ಬಂದವರಿಗೆ ಇಲ್ಲಿ ಬಾಡಿಗೆಯ ಜೊತೆ ಓಡಾಟದ ಹೊತ್ತೂ ಉಳಿಯುತ್ತದೆ. ವಿದ್ಯಾನಗರದಿಂದ ಪಿ.ಜೆ. ಬಡಾವಣೆಗೆ ಸ್ಕೂಟರಿನಲ್ಲಿ ಹೋಗಿಬರುವುದು ದೊಡ್ಡ ಮಾತೇನಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಮಗುವಿಗೆ ನಾಲ್ಕು ತುತ್ತು ತಿನ್ನಿಸಿ ವಾಪಸ್ ಆಫೀಸಿಗೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಆ ಅನುಕೂಲ ಕೈಬಿಡಬೇಡಿ. ಮನೆ, ಮಗುವನ್ನು ಬಿಡುವ ಜಾಗ, ಆಫೀಸು ಮೂರೂ ಒಂದೇ ದಾರಿಯಲ್ಲಿರಲಿ. ಊರಾಚೆ ಹೊಸ ಬಡಾವಣೆಯಲ್ಲಿ ಬಾಡಿಗೆ ಎರಡು ಸಾವಿರ ಕಡಿಮೆ ಸಿಗಬಹುದು, ಆದರೆ ಆಟೋಗೆ ಅಷ್ಟೇ ಹೋಗುತ್ತದೆ, ಹೊತ್ತೂ ಹೋಗುತ್ತದೆ. ನಲ್ಲಿ ನೀರು ಯಾವ ದಿನ, ಎಷ್ಟೊತ್ತಿಗೆ ಬರುತ್ತೆ, ಸಂಪು ಎಷ್ಟು ದೊಡ್ಡದು ಅಂತಲೂ ಅಡ್ವಾನ್ಸ್ ಕೊಡುವ ಮುಂಚೆ ಕೇಳಿ. ಮಕ್ಕಳನ್ನು ರೆಡಿ ಮಾಡುವ ಹೊತ್ತಲ್ಲಿ ನೀರು ಹಿಡಿಯುತ್ತಾ ನಿಂತರೆ ಇಡೀ ಬೆಳಗ್ಗೆ ಹಾಳು.

ಸೈಟಿಗೆ ಅವಸರ ಬೇಡ

ಇದನ್ನು ಒತ್ತಿ ಹೇಳುತ್ತೇವೆ. ಬಾಡಿಗೆ ಕಡಿಮೆ ಆಯ್ತು, ಕೈಯಲ್ಲಿ ಸ್ವಲ್ಪ ಉಳೀತಿದೆ ಅನ್ನುವಷ್ಟರಲ್ಲಿ ಯಾರಾದರೂ ಸೈಟು ತೋರಿಸುತ್ತಾರೆ. ಸಾಲ ಮಾಡುತ್ತೀರಿ. ಕಂತು ಕಟ್ಟಲು ಒಬ್ಬರು ಓಟಿ ಮಾಡುತ್ತಾರೆ, ಇನ್ನೊಬ್ಬರು ಸಂಜೆ ಟ್ಯೂಷನ್ ಹೇಳುತ್ತಾರೆ. ಊರು ಚಿಕ್ಕದೆಂದು ಉಳಿದ ಹೊತ್ತೆಲ್ಲ ಕಂತಿಗೆ ಹೋಗುತ್ತದೆ. ಮಗುವಿಗೆ ಮೂರೋ ನಾಲ್ಕೋ ವರ್ಷ ಇರುವಾಗಲೇ ಇದು ಆಗುವುದು ನಮಗೆ ಬೇಸರ. ಕನಿಷ್ಠ ಒಂದು ವರ್ಷ ಬಾಡಿಗೆ ಮನೆಯಲ್ಲೇ ಇದ್ದು ನೋಡಿ. ಮತ್ತೆ ವರ್ಗವಾಗಲೂಬಹುದು, ಅಲ್ವಾ? ಅಲ್ಲಿಯವರೆಗೆ ಆರು ತಿಂಗಳ ಮನೆ ಖರ್ಚಿನಷ್ಟು ಆರ್‌ಡಿಯಲ್ಲೋ ಎಫ್‌ಡಿಯಲ್ಲೋ ಸೇರಲಿ. ಮಗುವಿಗೆ ಜ್ವರ ಬಂದ ವಾರ ಸಂಬಳ ಕಟ್ಟಾದರೂ ರಜೆ ಹಾಕುವ ಧೈರ್ಯ ಆ ದುಡ್ಡಿನಿಂದ ಬರುತ್ತದೆ. ಹೆಣ್ಣು ಮಗುವಿದ್ದರೆ 10 ವರ್ಷ ತುಂಬುವ ಮೊದಲು ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ.

ಎರಡನೇ ಸಂಬಳದ ಲೆಕ್ಕ

ತುಂಬಾ ಮನೆಗಳಲ್ಲಿ ಲೆಕ್ಕ ಹೀಗೆ ನಡೆಯುತ್ತದೆ. ಹೆಂಡತಿ ಸಂಬಳ 20,000 ಅಂದುಕೊಳ್ಳಿ. ಡೇ ಕೇರಿಗೆ 5,000, ಆಟೋಗೆ 2,000, ಮನೆಕೆಲಸದವರಿಗೆ 2,000. ಉಳಿದದ್ದು 11,000. ಇಷ್ಟಕ್ಕೆ ಯಾಕೆ ಮಗು ಬಿಟ್ಟು ಹೋಗಬೇಕು ಅಂತ ಆಕೆಯ ಕೆಲಸ ಬಿಡಿಸುತ್ತಾರೆ. ಮಗು ಇಬ್ಬರದೂ ಆದಮೇಲೆ ಡೇ ಕೇರ್ ಫೀಸನ್ನು ಒಬ್ಬರ ಸಂಬಳದಿಂದ ಮಾತ್ರ ಕಳೆಯುವುದು ಯಾವ ಲೆಕ್ಕ? ಆಕೆಯ ಪಿಎಫ್ ಎಷ್ಟು ಸೇರುತ್ತಿದೆ, ನಾಲ್ಕು ವರ್ಷ ಬಿಟ್ಟರೆ ಮತ್ತೆ ಅದೇ ಕೆಲಸ ಸಿಗುತ್ತದಾ, ಇವನ್ನೂ ಬರೆದು ನೋಡಿ. ಎಲ್ಲ ನೋಡಿದ ಮೇಲೂ ಒಂದಷ್ಟು ವರ್ಷ ಮನೆಯಲ್ಲಿರುತ್ತೇನೆ ಅಂತ ಅವರೇ ತೀರ್ಮಾನಿಸಿದರೆ ಅದು ಒಳ್ಳೆಯ ತೀರ್ಮಾನವೇ. ಆಗ ಮನೆ ಖರ್ಚಿನ ದುಡ್ಡು ಅವರ ಖಾತೆಗೇ ಹೋಗಲಿ, ದಿನಾ ಕೇಳಿ ಪಡೆಯುವ ಹಾಗಾಗಬಾರದು.

ಡೇ ಕೇರ್ ನೋಡಲು ಬೆಳಗ್ಗೆ ಹೋಗಬೇಡಿ, ಆಗ ಎಲ್ಲವೂ ಚೊಕ್ಕಟವಾಗಿರುತ್ತದೆ. ಹೇಳದೆ ಮಧ್ಯಾಹ್ನ ಮೂರಕ್ಕೆ ಹೋಗಿ. ಮಕ್ಕಳು ಎಲ್ಲಿ ಮಲಗಿದ್ದಾರೆ, ಟಿವಿ ಹಚ್ಚಿಟ್ಟಿದ್ದಾರಾ, ಗೇಟಿನ ಚಿಲಕ ಮಕ್ಕಳ ಕೈಗೆ ಎಟುಕುತ್ತದಾ, ಒಬ್ಬ ಆಯಾಗೆ ಎಷ್ಟು ಮಕ್ಕಳು, ಎಲ್ಲ ಕಣ್ಣಿಗೆ ಬೀಳುತ್ತದೆ. ಮೂರು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿಯನ್ನೂ ನೋಡಿ. ಹಾಲು, ಊಟ, ಆಟ ಎಲ್ಲ ಉಚಿತ. ಆದರೆ ನಿಮ್ಮ ಆಫೀಸು ಮುಗಿಯುವ ತನಕ ಅಲ್ಲಿ ಇಟ್ಟುಕೊಳ್ಳುವುದಿಲ್ಲ, ಆಮೇಲಿನ ಹೊತ್ತಿಗೆ ಪಕ್ಕದ ಮನೆಯವರನ್ನು ಗೊತ್ತುಮಾಡಿಕೊಳ್ಳಬೇಕು. ಊರಿಂದ ಅಜ್ಜಿ ತಾತ ಬಂದಿದ್ದರೆ ಪುಣ್ಯ. ಆದರೂ ಇಡೀ ದಿನ ಅವರ ಮೇಲೆ ಹಾಕಬೇಡಿ, ಅವರಿಗೂ ಮಂಡಿ ನೋವಿರುತ್ತದೆ.

ಆಫೀಸಿನಲ್ಲಿ ಕೇಳಬೇಕಾದದ್ದು

ಅರ್ಹತೆ ಇರುವ ತಾಯಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. ಕೆಲಸಕ್ಕೆ ವಾಪಸಾದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ನೌಕರರಿದ್ದ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. ಇಲ್ಲಿನ ಆಸ್ಪತ್ರೆ, ಕಾಲೇಜುಗಳಲ್ಲಿ 50 ದಾಟುವುದು ಕಷ್ಟವೇನಲ್ಲ. ನಾಲ್ಕೈದು ತಾಯಂದಿರು ಸೇರಿ ಬರವಣಿಗೆಯಲ್ಲಿ ಕೇಳಿ, ಒಬ್ಬರೇ ಕೇಳಿದರೆ ಮಾತು ಅಲ್ಲೇ ನಿಲ್ಲುತ್ತದೆ. ಅಂಗಡಿ, ಖಾಸಗಿ ಕಚೇರಿಗಳಲ್ಲಿ ವಾರಕ್ಕೆ 48 ಗಂಟೆ ಮಿತಿ, ಅದಕ್ಕಿಂತ ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ.

ಶಿಫ್ಟ್ ಕೆಲಸದವರಿಗೆ ಕಷ್ಟ ಬೇರೆ ಥರ. ನಮ್ಮ ಸಂಘದ ಒಂದು ಮನೆಯಲ್ಲಿ ಹೆಂಡತಿ ನರ್ಸು, ಗಂಡ ಬ್ಯಾಂಕಿನಲ್ಲಿದ್ದಾರೆ. ಡ್ಯೂಟಿ ಪಟ್ಟಿ ಕೈಗೆ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ನೈಟ್ ಡ್ಯೂಟಿಗಳಿಗೆ ಕೆಂಪು ಪೆನ್ನಲ್ಲಿ ಗೆರೆ ಎಳೆಯುತ್ತಾರೆ. ಕೆಂಪು ಗೆರೆಯ ಮರುದಿನ ಬೆಳಗ್ಗೆ ತಿಂಡಿ, ಸ್ನಾನ, ಡೇ ಕೇರಿಗೆ ಬಿಡುವುದು ಪೂರ್ತಿ ಗಂಡನದು. ಆಕೆ ಮಧ್ಯಾಹ್ನದವರೆಗೆ ನಿದ್ದೆ ಮಾಡಿ, ಸಂಜೆ ನಾಲ್ಕಕ್ಕೇ ಮಗುವನ್ನು ಕರೆತರುತ್ತಾರೆ. ಐದು ವರ್ಷದ ಮಗನೇ ಈಗ ಕ್ಯಾಲೆಂಡರ್ ನೋಡಿ ನಾಳೆ ಅಪ್ಪನ ತಿಂಡಿ ಅನ್ನುತ್ತಾನೆ.

ಇನ್ನೆರಡು ಮಾತು

ಗೃಹಜ್ಯೋತಿ ಇದ್ದರೆ ಹಳೆ ಬಾಡಿಗೆ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ, ಹೊಸ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರಿಗೆ ಜೋಡಿಸಿ. ಇದನ್ನು ಮರೆತು ಸುಮ್ನೆ ಬಿಲ್ ಕಟ್ಟುವವರು ಇದ್ದಾರೆ. ಹರಿಹರಕ್ಕೋ ಚಿತ್ರದುರ್ಗಕ್ಕೋ ದಿನಾ ಓಡಾಡುವ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆ ಇದೆ.

ಭಾನುವಾರ ಮಾಲು, ಹೋಟೆಲು ಅಂತ ದುಡ್ಡು ಸುರಿಯಬೇಕಿಲ್ಲ. ಕುಂದುವಾಡ ಕೆರೆ ಏರಿ, ಗಾಜಿನ ಮನೆ, ಆನಗೋಡಿನ ಕಿರು ಮೃಗಾಲಯ, ಕೊಂಡಜ್ಜಿ ಗುಡ್ಡ ಎಲ್ಲ ಹತ್ತಿರದಲ್ಲೇ ಇವೆ. ಮನೆಯಿಂದ ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡು ಹೊರಡಿ. ನಿಮ್ಮ ಬಡಾವಣೆಯಲ್ಲಿ ಮಗು ನೋಡಿಕೊಳ್ಳುವವರು ಯಾರಿದ್ದಾರೆ ಅಂತ ತಿಳಿಯಬೇಕಿದ್ದರೆ ಸಂಘಕ್ಕೆ ಬನ್ನಿ. ಅದೇ ಓಣಿಯ ಹಳಬರನ್ನು ಪರಿಚಯ ಮಾಡಿಸುತ್ತೇವೆ, ಅವರ ಜೊತೆ ಹೋಗಿ ಕಣ್ಣಾರೆ ನೋಡಿ ಆಮೇಲೆ ಮಾತಾಡಿ.