ಹಕ್ಕಿಯ ಜೊತೆ ಕೊಂಬೆಯನ್ನೂ ಉಳಿಸಿ: ಪುಟ್ಟ ಹಕ್ಕಿಗಳ ಫೋಟೊ ಕ್ರಾಪ್ ಮಾಡುವ ಬಗೆ

ಚಳ್ಳಕೆರೆ ಹತ್ತಿರ ನಮ್ಮದೊಂದು ಶೇಂಗಾ ಹೊಲವಿದೆ. ಬದುವಿನ ಮೇಲೆ ಜಾಲಿ, ತಂಗಡಿ, ಎರಡು ಬೇವಿನ ಮರ. ಬೇಲಿಗೆ ಕಳ್ಳಿ. ಐದು ವರ್ಷದಿಂದ ಭಾನುವಾರ ಬೆಳಿಗ್ಗೆ ಅಲ್ಲಿ ಕೂತು ಹಕ್ಕಿಗಳ ಫೋಟೊ ತೆಗೆಯುತ್ತಿದ್ದೇನೆ. ನನ್ನದು 24 ಮೆಗಾಪಿಕ್ಸೆಲ್‌ನ ಸಾಧಾರಣ ಕ್ಯಾಮೆರಾ, 70-300 ಎಂಎಂ ಜೂಮ್ ಲೆನ್ಸ್. ಇದರಲ್ಲಿ ಪುಟ್ಟ ಹಕ್ಕಿ ಫ್ರೇಮ್ ತುಂಬ ಬರುವುದಿಲ್ಲ. ಹಾಗಾಗಿ ಕ್ರಾಪ್ ಮಾಡಲೇಬೇಕು. ಎಷ್ಟು, ಎಲ್ಲಿ ಅನ್ನುವುದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು.

ಮೊದಮೊದಲು ಹಕ್ಕಿ ಎಷ್ಟು ದೊಡ್ಡದಾಗಿ ಕಂಡರೆ ಫೋಟೊ ಅಷ್ಟು ಚೆನ್ನ ಅಂದುಕೊಂಡಿದ್ದೆ. ಹುಳ ಹಿಡಿದು ತಿನ್ನುವ ಪುಟ್ಟ ಹಸಿರು ಹಕ್ಕಿ ಕಳ್ಳಿಪೀರ, ಅದರ ಒಂದು ಫೋಟೊವನ್ನು ಹಾಗೇ ಬಿಗಿಯಾಗಿ ಕ್ರಾಪ್ ಮಾಡಿ ಅಪ್ಪನಿಗೆ ತೋರಿಸಿದೆ. ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಹಕ್ಕಿ ಚೆನ್ನಾಗೈತೆ. ಇದು ಯಾವ ಗಿಡದ ಮೇಲೆ ಕುಂತೈತಮ್ಮಾ? ಕರಿಜಾಲಿನೋ, ಬಳ್ಳಾರಿ ಜಾಲಿನೋ?" ಅಂದರು. ನನಗೆ ಹೇಳಲಾಗಲಿಲ್ಲ. ಕಾಲಡಿ ಎರಡು ಇಂಚು ಕಡ್ಡಿ ಬಿಟ್ಟರೆ ಫೋಟೊದಲ್ಲಿ ಗಿಡವೇ ಇರಲಿಲ್ಲ. ಕ್ರಾಪ್ ಮಾಡಿದ್ದನ್ನು ಒರಿಜಿನಲ್ ಮೇಲೆಯೇ ಸೇವ್ ಮಾಡಿಬಿಟ್ಟಿದ್ದೆ. ತೆಗೆದು ನೋಡೋಣ ಅಂದರೆ ಏನೂ ಉಳಿದಿರಲಿಲ್ಲ.

ಅವತ್ತಿನಿಂದ ನಾನು ಮೊದಲು ಕೊಂಬೆ ನೋಡುತ್ತೇನೆ, ಆಮೇಲೆ ಹಕ್ಕಿ. ಹಕ್ಕಿ ಎಲ್ಲಿ ಕೂತಿದೆ ಅನ್ನುವುದರಲ್ಲೇ ಅದು ಯಾವ ಊರಿನದು, ಯಾವ ಕಾಲ, ಏನು ತಿನ್ನಲು ಬಂದಿದೆ ಎಂಬುದೆಲ್ಲ ಇರುತ್ತದೆ. ಅದನ್ನು ಕತ್ತರಿಸಿ ಎಸೆದರೆ ಬರೀ ಗುರುತಿನ ಚೀಟಿಯ ಫೋಟೊ ಆಗುತ್ತದೆ ಅಲ್ವಾ?

ಕಳ್ಳಿಪೀರದಿಂದಲೇ ಶುರು ಮಾಡಿ ಎನ್ನುತ್ತೇನೆ. ಅದು ಕೂತಲ್ಲಿಂದ ಹಾರಿ ಗಾಳಿಯಲ್ಲೇ ಹುಳ ಹಿಡಿದು, ಹೆಚ್ಚಾಗಿ ಮತ್ತೆ ಅದೇ ಕೊಂಬೆಗೆ ಬರುತ್ತದೆ. ಜೇನು ಸಿಕ್ಕರೆ ಕೊಂಬೆಗೆ ಕುಕ್ಕಿ ಕುಕ್ಕಿ ಮುಳ್ಳು ಕಳಚಿ ನುಂಗುತ್ತದೆ. ಹಾಗಾಗಿ ಹಕ್ಕಿಯ ಹಿಂದೆ ಓಡುವ ಅಗತ್ಯವಿಲ್ಲ. ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಎರಡು ಮೂರು ಕೊಂಬೆ ಅದರ ಕಾಯಂ ಜಾಗ ಅಂತ ಗೊತ್ತಾಗುತ್ತದೆ. ಅದರಲ್ಲಿ ನಿಮಗೆ ಚೆಂದ ಕಾಣುವುದನ್ನು ಆರಿಸಿಕೊಂಡು, ಬಿಸಿಲು ಬೆನ್ನಿಗೆ ಬೀಳುವ ಹಾಗೆ ಸುಮಾರು ಹತ್ತು ಮೀಟರ್ ದೂರದಲ್ಲಿ ಕುಳಿತುಕೊಳ್ಳಿ. ನಿಲ್ಲಬೇಡಿ. ಕೂತರೆ ಹಕ್ಕಿಗೆ ಹೆದರಿಕೆ ಕಡಿಮೆ, ನಿಮ್ಮ ಕಣ್ಣು ಅದರ ಕಣ್ಣಿನ ಮಟ್ಟಕ್ಕೂ ಬರುತ್ತದೆ. ಬಿಸಿಲು ಬೆನ್ನಿಗಿರಲಿ ಎಂದದ್ದಕ್ಕೆ ಕಾರಣವಿದೆ. ಕಳ್ಳಿಪೀರದ ಕಣ್ಣಿನ ಮೇಲೆಯೇ ಕಪ್ಪು ಪಟ್ಟಿ ಹಾದುಹೋಗುತ್ತದೆ. ಕಣ್ಣಲ್ಲಿ ಒಂದು ಬೆಳಕಿನ ಚುಕ್ಕೆ ಹೊಳೆಯದಿದ್ದರೆ ಕಣ್ಣು ಆ ಪಟ್ಟಿಯಲ್ಲೇ ಮುಳುಗಿಹೋಗುತ್ತದೆ.

ಈಗ ಹಕ್ಕಿ ಬರುವ ಮೊದಲೇ ಖಾಲಿ ಕೊಂಬೆಯ ಫೋಟೊ ತೆಗೆದು ನೋಡಿ. ಹಿಂದೆ ಏನಿದೆ? ನನ್ನ ಹೊಲದಲ್ಲಿ ಒಂದು ಹೆಜ್ಜೆ ಬಲಕ್ಕೆ ಕೂತರೆ ಹಿಂದೆ ಬಿಳೀ ಆಕಾಶ. ಎಡಕ್ಕೆ ಕೂತರೆ ದೂರದ ಬೇವಿನ ಹಸಿರು. ಕೊಂಬೆಗೂ ಹಿನ್ನೆಲೆಗೂ ಇಪ್ಪತ್ತು ಮೀಟರ್ ಅಂತರವಿದ್ದರೆ ಸಾಧಾರಣ ಲೆನ್ಸಿನಲ್ಲೂ ಹಸಿರು ನುಣ್ಣಗೆ ಕರಗುತ್ತದೆ. ಅಡ್ಡ ಬರುವ ಕಡ್ಡಿಯನ್ನು ಮುರಿಯಬೇಡಿ. ಅರ್ಧ ಅಡಿ ಸರಿದು ಕೂತರೆ ಅದೇ ಕಡ್ಡಿ ಹಕ್ಕಿಯ ಮುಖದಿಂದ ಪಕ್ಕಕ್ಕೆ ಹೋಗುತ್ತದೆ.

ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೆನ್ಸನ್ನು ಪೂರ್ತಿ 300ಕ್ಕೆ ಎಳೆಯಿರಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆಯಿರಿ. ಸುಮ್ಮನೆ ಕೂತ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡ್ ಸಾಕು, ಹುಳ ಕುಕ್ಕುವಾಗ 1/2000. ಫೋಕಸ್ ಕಣ್ಣಿನ ಮೇಲೆ. ತೆಗೆಯುವಾಗ ಬಿಗಿ ಮಾಡಬೇಡಿ, ಸುತ್ತ ಜಾಗ ಬಿಡಿ. ಬಿಟ್ಟ ಜಾಗವನ್ನು ಆಮೇಲೆ ಕತ್ತರಿಸಬಹುದು, ಬಿಡದ ಜಾಗವನ್ನು ತರಲಾಗುವುದಿಲ್ಲ.

ಒಂದು ಫೋಟೊವನ್ನೇ ತೆಗೆದುಕೊಂಡು ಕ್ರಾಪ್ ಹೇಗೆ ಮಾಡಿದೆ ಎಂದು ಹೇಳುತ್ತೇನೆ. ಪೂರ್ತಿ ಫ್ರೇಮ್ 6000×4000 ಪಿಕ್ಸೆಲ್. ಕಳ್ಳಿಪೀರ ನಡುಮಧ್ಯೆ ಕೂತಿದೆ, ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 1400 ಪಿಕ್ಸೆಲ್. ಮುಖ ಬಲಕ್ಕೆ. ಕೊಂಬೆ ಎಡಗಡೆ ಕೆಳಗಿನಿಂದ ಬಂದು, ಹಕ್ಕಿಯ ಕಾಲಡಿ ಹಾದು, ಬಲಕ್ಕೆ ಏರಿ ಎರಡು ಕವಲಾಗಿದೆ. ಒಂದು ಕವಲಿನ ತುದಿಯಲ್ಲಿ ಜೋಡಿ ಬಿಳಿ ಮುಳ್ಳು, ಒಂದೇ ಒಂದು ಹಳದಿ ಹೂವು.

ಮೊದಲು 1800×1200ಕ್ಕೆ ಕತ್ತರಿಸಿದೆ. ಹಕ್ಕಿ ದೊಡ್ಡದಾಯಿತು. ಆದರೆ ತಲೆ ಮೇಲೆ ಉಸಿರಾಡಲು ಜಾಗವಿಲ್ಲ, ಕೆಳಗೆ ಬಾಲದ ಎರಡು ಸೂಜಿ ಗರಿಗಳು ಅಂಚಿಗೆ ತಾಗಿ ತುದಿ ಹೋಯಿತು. ಕಳ್ಳಿಪೀರದ ಚೆಲುವೇ ಆ ಸೂಜಿ ಗರಿ. ಅದು ಅರ್ಧ ಹೋದರೆ ಇಡೀ ಫೋಟೊ ಹೋದಂತೆ.

ಆಮೇಲೆ 3000×2000. ಬಾಲ ಉಳಿಯಿತು. ಆದರೂ ಏನೋ ಸರಿಯಿಲ್ಲ. ತುಂಬ ಹೊತ್ತು ನೋಡಿದ ಮೇಲೆ ತಿಳಿಯಿತು. ಕೊಂಬೆ ಸರಿಯಾಗಿ ಕೆಳಗಿನ ಮೂಲೆಯಿಂದಲೇ ಹುಟ್ಟಿದ ಹಾಗಿತ್ತು. ಹಾಗಾದಾಗ ಕಣ್ಣು ಕೊಂಬೆಯ ಜೊತೆ ಜಾರಿ ಮೂಲೆಯಿಂದ ಹೊರಗೆ ಹೋಗಿಬಿಡುತ್ತದೆ. ಬಲಗಡೆ ಅಂಚು ಕವಲಿನ ಗಂಟಿನ ಮೇಲೆಯೇ ಬಿದ್ದಿತ್ತು. ಕೈಯನ್ನು ಮಣಿಕಟ್ಟಿನಲ್ಲಿ ಕತ್ತರಿಸಿದ ಹಾಗೆ ಕಾಣುತ್ತಿತ್ತು.

ಕೊನೆಗೆ 3600×2400. ಚೌಕಟ್ಟನ್ನು ಸ್ವಲ್ಪ ಕೆಳಕ್ಕೆ, ಸ್ವಲ್ಪ ಬಲಕ್ಕೆ ಸರಿಸಿದೆ. ಈಗ ಕೊಂಬೆ ಎಡ ಅಂಚಿನಿಂದ, ಮೂಲೆಗಿಂತ ತುಸು ಮೇಲೆ ಒಳಗೆ ಬರುತ್ತದೆ. ಕವಲು ಪೂರ್ತಿ ಒಳಗಿದೆ, ಹೂವಿನ ತುದಿಯೂ ಇದೆ. ಹಕ್ಕಿ ನಡುವಿನಿಂದ ಎಡಕ್ಕಿದೆ, ಅದು ನೋಡುವ ಕಡೆ ಖಾಲಿ ಜಾಗ ಜಾಸ್ತಿ. ಆ ಖಾಲಿ ಜಾಗದಲ್ಲೇ ತಾನೇ ಮುಂದಿನ ಹುಳ ಹಾರಿ ಬರುವುದು! ಹಳದಿ ಹೂವು ಗುಂಡಗಿದೆ, ಹಾಗಾಗಿ ಇದು ಕರಿಜಾಲಿ. ಬಳ್ಳಾರಿ ಜಾಲಿಯ ಹೂವು ಉದ್ದಕ್ಕೆ ಜೋತಾಡುತ್ತದೆ. ಇಷ್ಟು ಪಿಕ್ಸೆಲ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 12×8 ಇಂಚಿನ ಪ್ರಿಂಟ್ ಚೊಕ್ಕವಾಗಿ ಬರುತ್ತದೆ. 1800×1200 ಆಗಿದ್ದರೆ 6×4 ಅಷ್ಟೇ.

ಕ್ರಾಪ್ ಆದ ಮೇಲೆ ಬೆರಳನ್ನು ಫೋಟೊದ ನಾಲ್ಕೂ ಅಂಚಿನ ಸುತ್ತ ಓಡಿಸಿ. ಹೊಳೆಯುವ ಒಣಹುಲ್ಲಿನ ಎಸಳು, ಎಲ್ಲಿಂದಲೋ ಇಣುಕುವ ಎಲೆಯ ತುದಿ, ಇಂಥವು ಅಂಚಿನಲ್ಲಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಹತ್ತು ಪಿಕ್ಸೆಲ್ ಒಳಗೆ ಸರಿದರೆ ಹೋಗುವಂಥದ್ದಾದರೆ ಸರಿಯಿರಿ. ವಾಲಿದ ಕೊಂಬೆಯನ್ನು ನೆಟ್ಟಗೆ ಮಾಡಲು ಫೋಟೊ ತಿರುಗಿಸಬೇಡಿ. ಗಿಡ ಬೆಳೆದದ್ದೇ ಹಾಗೆ.

ಎಲ್ಲ ಹಕ್ಕಿಗೂ ಅಡ್ಡ ಫ್ರೇಮ್ ಹೊಂದುವುದಿಲ್ಲ. ಜೋಳದ ದಂಟಿಗೆ ಕಾಲು ಅಗಲಿಸಿ ಹಿಡಿದು ಕೂಗುವ ಉಲಿಯಕ್ಕಿಗೆ ಉದ್ದ ಫ್ರೇಮೇ ಸರಿ. ತೆನೆ ಪೂರ್ತಿ ಇರಲಿ. ಕೆರೆಯ ಗೂಟದ ಮೇಲಿನ ಮಿಂಚುಳ್ಳಿಗೆ ನೀರಿನ ಗೆರೆ ಮಟ್ಟಸವಾಗಿರಬೇಕು. ನೀರಲ್ಲಿ ಬಿಂಬ ಕಂಡರೆ ಪೂರ್ತಿ ಇಡಿ, ಇಲ್ಲವೇ ಪೂರ್ತಿ ಬಿಡಿ.

ಅಳಿಸುವ ವಿಷಯ ಒಂದಿದೆ. ಒಂದು ಸ್ಪರ್ಧೆಗೆ ಕಳಿಂಗ ಹಕ್ಕಿಯ ಫೋಟೊ ಕಳಿಸಿದ್ದೆ. ಎದೆಗೆ ಅಡ್ಡ ಬಂದಿದ್ದ ಒಂದು ತೆಳು ಕಡ್ಡಿಯನ್ನು ಕಂಪ್ಯೂಟರಿನಲ್ಲಿ ಒರೆಸಿದ್ದೆ. ರಾ ಫೈಲ್ (ಕ್ಯಾಮೆರಾದಿಂದ ನೇರ ಬಂದ, ತಿದ್ದದ ಫೈಲ್) ಕೇಳಿದರು, ಕೊಟ್ಟೆ, ಫೋಟೊ ತಿರಸ್ಕಾರವಾಯಿತು. ಅವರು ಮಾಡಿದ್ದು ಸರಿ. ಫಿಯಾಪ್, ಪಿಎಸ್‌ಎ ಎಂಬ ಅಂತರರಾಷ್ಟ್ರೀಯ ಫೋಟೊಗ್ರಫಿ ಸಂಸ್ಥೆಗಳ ನಿಯಮಗಳಲ್ಲಿ ನೇಚರ್ ವಿಭಾಗಕ್ಕೆ ಕ್ರಾಪ್ ಮಾಡಬಹುದು, ಆದರೆ ಚಿತ್ರದಲ್ಲಿ ಇದ್ದದ್ದನ್ನು ಅಳಿಸುವ, ಸರಿಸುವ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಸ್ಪರ್ಧೆ ಇರಲಿ ಬಿಡಲಿ, ಈಗ ನಾನು ಅಳಿಸುವುದಿಲ್ಲ. ಆ ಕಡ್ಡಿ ಅಲ್ಲಿ ಇತ್ತು.

ಇನ್ನೊಂದು ಮಾತನ್ನು ದಯವಿಟ್ಟು ನೆನಪಿಡಿ. ಫೆಬ್ರವರಿಯಿಂದ ಜೂನ್‌ವರೆಗೆ ಕಳ್ಳಿಪೀರಗಳು ಮಣ್ಣಿನ ಗೋಡೆಯಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಬಾಯಲ್ಲಿ ಹುಳ ಹಿಡಿದ ಹಕ್ಕಿ ತಿನ್ನದೆ, ಹಾರದೆ, ಅಲ್ಲೇ ಕೂತು ಅತ್ತಿತ್ತ ನೋಡುತ್ತಿದ್ದರೆ ಅದು ನಿಮಗಾಗಿ ನಿಂತದ್ದಲ್ಲ. ಹತ್ತಿರದಲ್ಲೇ ಗೂಡಿದೆ, ನೀವಿರುವ ತನಕ ಅದು ಒಳಗೆ ಹೋಗುವುದಿಲ್ಲ. ಮರಿ ಹಸಿದುಕೊಂಡಿರುತ್ತದೆ. ಎಂಥ ಚೆಂದದ ಫ್ರೇಮ್ ಆದರೂ ಎದ್ದು ಬನ್ನಿ. ನಾನು ಐವತ್ತು ಹೆಜ್ಜೆ ಹಿಂದೆ ಬಂದು ನಿಂತ ಒಂದೇ ನಿಮಿಷಕ್ಕೆ ಅದು ಬಿಲದೊಳಗೆ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮನೆಗೆ ಬಂದ ಮೇಲೆ ಒರಿಜಿನಲ್ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಹಾಕಿಡಿ. ಕ್ರಾಪ್ ಮಾಡಿದ್ದಕ್ಕೆ ಬೇರೆ ಹೆಸರು ಕೊಟ್ಟು ಸೇವ್ ಮಾಡಿ. ನಾನು ತಾರೀಕಿನ ಜೊತೆ ಗಿಡದ ಹೆಸರನ್ನೂ ಬರೆಯುತ್ತೇನೆ. ಗೊತ್ತಾಗದಿದ್ದರೆ ಅಪ್ಪನನ್ನು ಕೇಳುತ್ತೇನೆ.